ಕಂಠೆಪ್ಪನ ಅಕ್ಷರ

ಚೂರಿಯ ತುದಿ ಪಾಚಿಯನ್ನು ಸೀಳಿ ಕಾಂಕ್ರೀಟಿಗೆ ತಾಗಿ ಕಿರ್ರೆಂದಾಗ ಮೀನಾಕ್ಷಿ ಹಲ್ಲು ಕಚ್ಚಿಕೊಂಡು ಇನ್ನಷ್ಟು ಕೆರೆದಳು. ಬಿಳಿ. ಕುಳಿತಲ್ಲಿಂದಲೇ ಕಾಲು ಸರಿಸಿ ಪಕ್ಕದ ದಿಮ್ಮಿಗೆ ಹೋದಳು, ಅದರ ನೆತ್ತಿಯ ಪಾಚಿಯನ್ನೂ ಕೆರೆದಳು. ಅದೂ ಬಿಳಿ. ಎರಡು ಸಾಲಿನಲ್ಲಿ ಹದಿನಾಲ್ಕು ಕಾಂಕ್ರೀಟ್ ದಿಮ್ಮಿಗಳಿದ್ದವು. ಕಬ್ಬಿಣದ ಕಂಬಿಗಳು ನೆಲಕ್ಕೆ ತಾಗದಿರಲೆಂದು ಅವುಗಳ ಮೇಲೆ ಅಡ್ಡಡ್ಡ ಪೇರಿಸಿಡುತ್ತಾರೆ. ಕಾಗದಪತ್ರದ ಪ್ರಕಾರ ಎಪ್ಪತ್ತೆರಡು ಟನ್ ಕಂಬಿ ಒಂದು ಇಡೀ ಮಳೆಗಾಲ ಇವುಗಳ ಮೇಲೆ ಮಲಗಿತ್ತು, ಈಗ ಒಂದು ಕಂಬಿಯೂ ಇಲ್ಲ. ಹಾಗೆ ಮಲಗಿದ್ದರೆ ತುಕ್ಕು ಇಳಿದು ದಿಮ್ಮಿಗಳ ಮೈಮೇಲೆ ಗೆರೆಗೆರೆಯಾಗಿ ಕೂತಿರಬೇಕಿತ್ತು, ತಿಕ್ಕಿದರೂ ಹೋಗದ ಹಾಗೆ. ಮಣ್ಣನ್ನು ನಂಬುವಂತಿರಲಿಲ್ಲ. ಇಲ್ಲಿಯ ಮಣ್ಣು ಹುಟ್ಟಿನಿಂದಲೇ ಕೆಂಪು, ಯಾರ ತುಕ್ಕನ್ನಾದರೂ ನುಂಗಿ ಸುಮ್ಮನಿರುತ್ತದೆ. ದಿಮ್ಮಿ ಸುಮ್ಮನಿರುವುದಿಲ್ಲ. ಆರು ಆಯಿತು, ಇನ್ನೆಂಟು. ಎಲ್ಲವನ್ನೂ ಕೆರೆಯದೆ ಏಳುವುದಿಲ್ಲವೆಂದು ಯಾವಾಗ ನಿರ್ಧರಿಸಿದಳೋ ಅವಳಿಗೇ ಗೊತ್ತಿಲ್ಲ. ಜಯಶ್ರೀ ಮೇಡಂ ಹೇಳಿದ್ದು ಖಾಲಿ ಅಂಗಳದ ನಾಲ್ಕು ಫೋಟೊ ತೆಗೆದುಕೊಂಡು ಹನ್ನೊಂದಕ್ಕೆಲ್ಲ ಆಫೀಸಿಗೆ ಬಾ ಎಂದು. ಶನಿವಾರ. ವರದಿ ಹೋದ ವಾರವೇ ಹೋಗಿದೆ, ಫೋಟೊ ಬರೀ ಲಗತ್ತಿಗೆ. ಸೋಮವಾರ ಪೊಲೀಸರಿಗೆ ದೂರು.

ದೂರು ಯಾರ ಮೇಲೋ ಅವನೇ ಚಹಾದ ಲೋಟವನ್ನು ಟವೆಲಿನ ತುದಿಯಲ್ಲಿ ಹಿಡಿದುಕೊಂಡು ಬರುತ್ತಿದ್ದ. ಈ ಅರ್ಧ ಕಟ್ಟಿದ ಹಾಸ್ಟೆಲಿನ ವಾಚ್‌ಮನ್ ಕಂಠೆಪ್ಪ, ಐವತ್ತೈದರ ಮೇಲಿನವನು, ಒಂದು ಕಾಲು ಸ್ವಲ್ಪ ಎಳೆದು ನಡೆಯುವವನು. ಚೌತಿಯ ರಜೆಗೆ ಊರಿಗೆ ಹೋದ ಗುತ್ತಿಗೆದಾರ ತಿರುಗಿ ಬರಲಿಲ್ಲ, ಅವನ ಇಂಜಿನಿಯರನ ಫೋನೂ ಸತ್ತಿತು. ಕೆಲಸಗಾರರು ಒಬ್ಬೊಬ್ಬರಾಗಿ ಕುಡಚಡೆ ಸ್ಟೇಷನ್ನಿನಿಂದ ರೈಲು ಹತ್ತಿದರು. ಕಂಠೆಪ್ಪ ಮಾತ್ರ ಹೆಂಡತಿಯೊಂದಿಗೆ ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಉಳಿದ. ಹೋಗು ಎಂದು ಯಾರೂ ಹೇಳಿರಲಿಲ್ಲ, ಅದಕ್ಕೆ. ಗುತ್ತಿಗೆದಾರ ಕೆಲಸ ಮುಗಿಸದಿದ್ದರೆ ತಾನು ಮುಗಿಸಿಕೊಡುತ್ತೇನೆಂದು ಬಾಂಡ್ ಬರೆದು ಜಾಮೀನು ನಿಂತಿದ್ದ ವಿಮಾ ಕಂಪನಿ ಈಗ ಉಳಿದ ಸಾಮಾನಿನ ಲೆಕ್ಕ ಕೇಳುತ್ತಿತ್ತು. ಆ ಲೆಕ್ಕ ಮೀನಾಕ್ಷಿ ಕೆಲಸ ಮಾಡುವ, ಸೈಟುಗಳನ್ನು ಪರಿಶೀಲಿಸಿ ವರದಿ ಕೊಡುವ ಜಯಶ್ರೀ ಮೇಡಂ ಆಫೀಸಿನದು. ಕಬ್ಬಿಣ ಸೈಟಿಗೆ ಬಂದು ಕಳುವಾಗಿದ್ದರೆ ಕಾಯುವವನು ಕಳ್ಳ ಅಥವಾ ಕಳ್ಳರ ಗೆಳೆಯ. ಬಂದದ್ದಕ್ಕೆ ಸಾಕ್ಷಿ ಅವನದೇ ಗೇಟಿನ ಪುಸ್ತಕ.

"ಮೇಡಂ, ಚಾಯ್ ಲೇವ್. ಉಧರ್ ಸಾಂಪ್ ರಹತಾ," ಅಲ್ಲಿ ಹಾವಿರುತ್ತದೆ ಎಂದ ಕಂಠೆಪ್ಪ, ಗೋವೆಯ ಸೈಟುಗಳಲ್ಲಿ ಮಾತ್ರ ಬದುಕುವ ಆ ಮುರುಕು ಹಿಂದಿಯಲ್ಲಿ.

"ಥ್ಯಾಂಕ್ಯೂ ಅಂಕಲ್," ಎಂದು ಅವಳೂ ಹಿಂದಿಯ ದನಿಯಲ್ಲೇ ಲೋಟ ತೆಗೆದುಕೊಂಡಳು.

ಶೆಡ್ಡಿನ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅವನ ಹೆಂಡತಿ ಹುಲಿಗೆಮ್ಮ ಮೊರದಿಂದ ಕಣ್ಣೆತ್ತದೆ ಅಂದಳು: "ಕಲ್ಲ ಕೆರದು ಕೆರದು ಕಬ್ಬಿಣ ತಗೀತಾಳಂತೇನು ಈಕಿ?"

"ಸುಮ್ನಿರು. ಪೊಲೀಸ್ರಿಗೆ ಹೇಳೂ ಮಂದಿ."

"ಹೇಳ್ಲಿ. ಚೂರಿ ಹಿಡದದ್ದ ನೋಡ್ರಿ, ಬದನಿಕಾಯಿ ಹೆಚ್ಚೂ ಹಂಗ. ಹುಟ್ಟಿದಾಗಿಂದ ಒಂದ ಬುಟ್ಟಿ ಮಣ್ಣ ಹೊತ್ತಿಲ್ಲ ಆ ಕೈ."

ಪ್ರತಿ ಮಾತೂ ತಿಳಿಯಿತು. ತಿಳಿಯದವಳಂತೆ ಚಹಾ ಕುಡಿದಳು. ಇದೊಂದು ಕಲೆ, ಅವಳು ಚಿಕ್ಕಂದಿನಿಂದ ಸಾಧಿಸಿದ್ದು. ಝುವಾರಿನಗರದ ಒಂದೇ ಕೋಣೆಯ ಮನೆಯಲ್ಲಿ ಅವ್ವ ಫಕೀರವ್ವ ಕನ್ನಡದಲ್ಲಿ ಕೂಗಿದರೆ ಹೊರಗೆ ಆಡುತ್ತಿದ್ದ ಅವಳಿಗೆ ಕೇಳುತ್ತಿರಲಿಲ್ಲ, ಎರಡನೆಯ ಸಲವೂ ಕೇಳುತ್ತಿರಲಿಲ್ಲ. ಮೂರನೆಯ ಸಲಕ್ಕೆ ಜೊತೆಯ ಹುಡುಗಿಯರು ಗೊಳ್ಳೆಂದು ನಕ್ಕು, ಹೋಗೇ ಘಾಟಿ, ನಿನ್ನ ಅಮ್ಮ ಕೂಗುತ್ತಿದ್ದಾಳೆ ಎಂದ ಮೇಲೆ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು. ಘಟ್ಟದಾಚೆಯಿಂದ ಬಂದವರು ಘಾಟಿಗಳು. ಕಾಲೇಜು ಮುಗಿಯುವ ಹೊತ್ತಿಗೆ ಅವಳ ಕೊಂಕಣಿಯಲ್ಲಿ ಘಟ್ಟದ ವಾಸನೆಯೇ ಉಳಿಯಲಿಲ್ಲ. ಆಫೀಸಿನಲ್ಲಿ ಯಾರೋ, ಈ ಘಾಟಿಗಳ ಕೈಗೆ ಕಂಬಿ ಸಿಕ್ಕರೆ ಅದನ್ನೂ ರೊಟ್ಟಿಯ ಜೊತೆ ತಿಂದಾರು ಎಂದಾಗ ಎಲ್ಲರೂ ನಕ್ಕರು. ಅವಳೂ ನಕ್ಕಳು, ಉಳಿದವರು ನಿಲ್ಲಿಸಿದ ಮೇಲೆ ಇನ್ನೂ ಒಂದು ಕ್ಷಣ ಹೆಚ್ಚಾಗಿಯೇ. ಅದೇ ದಿನ ಮಧ್ಯಾಹ್ನ ಗೇಟಿನ ಪುಸ್ತಕ ಟೇಬಲಿನಿಂದ ಟೇಬಲಿಗೆ ಹೋಗುತ್ತ, ಈ ಜಿಲೇಬಿ ಅಕ್ಷರ ಯಾರಿಗೆ ಓದಲು ಬರುತ್ತದೆ ಎಂದು ಮೇಡಂ ಕೇಳಿದಾಗ, ಅವಳು ಬೇರೆಯವರ ಮುಖಗಳನ್ನೆಲ್ಲ ಒಮ್ಮೆ ನೋಡಿ, ನಮ್ಮ ಪಕ್ಕದ ಮನೆಯವರು ಕನ್ನಡದವರು, ಸ್ವಲ್ಪ ಬರುತ್ತದೆ ಎಂದಿದ್ದಳು. ಪಕ್ಕದ ಮನೆಯವರು. ಪುಟಕ್ಕೆ ಐದು ನಿಮಿಷದಂತೆ, ಹಲ್ಲಿಗೆ ಸಿಕ್ಕಿದ್ದನ್ನು ಉಗಿಯುವ ಅವಸರದಲ್ಲಿ, ಸಂಜೆಯೊಳಗೆ ಇಂಗ್ಲಿಷಿಗೆ ಇಳಿಸಿ ಕೊನೆಯಲ್ಲಿ, ಈ ಭಾಷೆಯನ್ನು ಚೆನ್ನಾಗಿ ಬಲ್ಲೆ ಎಂಬ ಪ್ರಮಾಣದ ಕೆಳಗೆ ಸಹಿ ಹಾಕಿದ್ದಳು.

ಒಂಬತ್ತನೆಯ ದಿಮ್ಮಿ ಮುಗಿದಾಗ ಗೇಟಿನಲ್ಲಿ ಹಾರ್ನ್ ಆಯಿತು. ಹಾಸ್ಟೆಲಿನ ಟ್ರಸ್ಟಿನವರು ವಾರಕ್ಕೊಮ್ಮೆ ಕಳಿಸುವ ನೀರಿನ ಟ್ಯಾಂಕರ್. ಡ್ರೈವರ್ ಸಲ್ಮಾನ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, "ಓ ಕಂಠೆಪ್ಪಾ, ಪೈಪ್ ಲಾವ್, ಗಾಡಿ ಖಾಲಿ ಕರ್ನೇ ಕಾ ಹೈ," ಎಂದ. ಹುಲಿಗೆಮ್ಮ ಮೊರ ಕೆಳಗಿಟ್ಟು ಎದ್ದು ಬಂದು ಟ್ಯಾಂಕರಿನ ಹೊಟ್ಟೆಯನ್ನು ಬೆರಳಿನ ಗೆಣ್ಣಿನಿಂದ ಎರಡು ಕಡೆ ಬಡಿದು ಕಿವಿಗೊಟ್ಟಳು.

"ಸಲ್ಮಾನ, ಇದು ಖಾಲಿನ ಐತಲ್ಲೋ. ಖಾಲಿ ಗಾಡಿ ತಂದು ಏನ್ ಖಾಲಿ ಮಾಡ್ತಿ?"

"ಅರ್ಧ ಐತಿ ಅವ್ವಾ. ದಾರ್ಯಾಗ ಒಂದ್ ಮದುವಿ ಮನಿಗೆ ಹಾಕಿ ಬಂದೆ. ಅವರೂ ಕುಡೀಬೇಕಲ್ಲ."

"ಅವರು ನೀರ್ ಕುಡಿಯೂ ಮಂದಿ ಅಲ್ಲ ಬಿಡು, ಮದುವಿಯೊಳಗ."

ಕಂಠೆಪ್ಪ ನಗಲಿಲ್ಲ. ಹಳೆಯ ಪುಸ್ತಕವನ್ನು ಆಫೀಸಿನವರು ಒಯ್ದ ಮೇಲೆ ಅವನೊಂದು ಶಾಲೆಯ ನೋಟ್‌ಬುಕ್ ಕೊಂಡಿದ್ದ. ಕೆಲಸ ನಿಂತರೂ ಅವನ ಬರೆಯುವುದು ನಿಂತಿರಲಿಲ್ಲ. ಗೇಟಿನ ಕಂಬಕ್ಕೆ ಅದನ್ನು ಒತ್ತಿಹಿಡಿದು, ಗಡಿಯಾರ ನೋಡಿ, ಒಂದೊಂದೇ ಅಕ್ಷರವನ್ನು ಗುಂಡಗೆ ತಿದ್ದಿ ಬರೆದ. ಮೀನಾಕ್ಷಿ ಲೋಟ ಕೊಡುವ ನೆಪದಲ್ಲಿ ಅವನ ಹೆಗಲ ಮೇಲಿಂದ ಓದಿದಳು. ನೀರಿನ ಗಾಡಿ. ಅರ್ಧಾ ಖಾಲಿ. ಒಳಗ 10-05.

ಅರ್ಧಾ ಖಾಲಿ. ಆ ಎರಡು ಶಬ್ದ ಅವಳ ಕಣ್ಣಿನಿಂದ ಎಲ್ಲಿಗೋ ಇಳಿದು ಹೋಗಿ ಒಂದು ಬಾಗಿಲಿಗೆ ಬಡಿದವು. ಲೋಟ ಕೈಯಲ್ಲೇ ಉಳಿಯಿತು. ಬಿಸಿಲಿಗೆ ಬೆನ್ನು ಮಾಡಿ ಫೋನು ತೆರೆದು, ತಾನೇ ತೆಗೆದಿಟ್ಟಿದ್ದ ಹಳೆಯ ಪುಸ್ತಕದ ಚಿತ್ರಗಳನ್ನು ಒಂದೊಂದಾಗಿ ಸರಿಸಿದಳು. ಸಿಮಿಟ್ ಗಾಡಿ, ಭರ್ತಿ, ಒಳಗ 9-00, ಹೊರಗ 12-40. ಉಸುಕಿನ ಗಾಡಿ, ಭರ್ತಿ. ಕಂಬಿ ಗಾಡಿ, ಖಾಲಿ, ಒಳಗ 11-10, ಹೊರಗ 11-25. ಕಂಬಿ ಗಾಡಿ, ಖಾಲಿ, ಒಳಗ 4-00, ಹೊರಗ 4-10. ಎಂಟು ಸಲ. ಖಾಲಿ ಎಂದರೆ ಗಾಡಿ ಖಾಲಿ ಮಾಡಿದರು, ಮಾಲು ಇಳಿಸಿದರು ಎಂದುಕೊಂಡಿದ್ದಳು. ಗೋವೆಯ ಯಾವ ಸೈಟಿನಲ್ಲಾದರೂ ಲಾರಿಯವನು ಆಡುವ ಮಾತು ಅದೇ, ಅದೇ ಅರ್ಥ. ತನಗೆ ಸೈಟಿನ ಮಾತು ಗೊತ್ತು ಎಂಬ ಜಂಬದಲ್ಲಿ ಎಂಟು ಕಡೆಯೂ 'ಇಳಿಸಲಾಗಿದೆ' ಎಂದು ಟೈಪು ಮಾಡಿದ್ದಳು. ಹದಿನೈದು ನಿಮಿಷವನ್ನೂ ಟೈಪು ಮಾಡಿದ್ದಳು. ಬೆರಳು ಟೈಪು ಮಾಡಿತ್ತು, ಮೈ ಓದಿರಲಿಲ್ಲ. ಒಂಬತ್ತು ಟನ್ ಕಂಬಿ ಹದಿನೈದು ನಿಮಿಷದಲ್ಲಿ ಇಳಿಯುತ್ತದೆಯೇ? ದಾಬೋಲಿಮ್ ಕಡೆಯ ಸೈಟುಗಳಲ್ಲಿ ಅವ್ವ ಕಂಬಿ ಇಳಿಸುವ ಗುಂಪಿನಲ್ಲಿದ್ದಳು. ಎಂಟು ಮಂದಿ, ಒಂದು ಲಾರಿ, ಅರ್ಧ ದಿನ. ಹನ್ನೆರಡು ಮೀಟರಿನ ಕಂಬಿ ಹೆಗಲ ಮೇಲೆ ಹಾವಿನಂತೆ ಕುಣಿಯುತ್ತದೆ ಮಗಳೇ, ಮುಂದಿನವಳು ಎಡಗಾಲಿಟ್ಟರೆ ಹಿಂದಿನವಳೂ ಎಡಗಾಲೇ ಇಡಬೇಕು ಅನ್ನುತ್ತಿದ್ದಳು. ಅವ್ವನ ಬಲ ಹೆಗಲು ಎಡಕ್ಕಿಂತ ಎರಡು ಬೆರಳು ಕೆಳಗಿದೆ. ರವಿಕೆ ಹೊಲಿಯುವವಳು ಪ್ರತಿ ಸಲವೂ ಅಳತೆ ತಪ್ಪಾಯಿತೆಂದು ಟೇಪು ತಿರುಗಿಸಿ ಮತ್ತೆ ಹಿಡಿಯುತ್ತಾಳೆ. ಆ ಹೆಗಲಿಗೆ ಎಣ್ಣೆ ತಿಕ್ಕಿದ ಕೈ ಇದು. ಇದೇ ಕೈ ಟೈಪು ಮಾಡಿದ್ದು.

"ಕಾಕಾ," ಎಂದಳು. ದನಿ ಅವಳದಾಗಿರಲಿಲ್ಲ, ಫಕೀರವ್ವನದು. "ಕಾಕಾ, ಕಂಬಿ ಗಾಡಿ ಮುಂದ ಖಾಲಿ ಅಂತ ಬರದೀರಲ್ಲ, ಹಂಗಂದ್ರೇನು?"

ಪೈಪು ಹಿಡಿದಿದ್ದ ಹುಲಿಗೆಮ್ಮನ ಕೈಯಿಂದ ನೀರು ಕೊಡದ ಹೊರಗೆ ಬಿತ್ತು. "ಅಯ್ಯ ನಮ್ಮವ್ವ. ನಮ್ಮ ಮಾತು ಬರತೈತೇನು ನಿನಗ?"

"ಬದನಿಕಾಯಿ ಅಂದದ್ದೂ ತಿಳೀತು."

ಹುಲಿಗೆಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಸಲ್ಮಾನ ಸ್ಟೀರಿಂಗ್ ಬಡಿದುಕೊಂಡು ನಕ್ಕ. ಕಂಠೆಪ್ಪ ಮಾತ್ರ ಅವಳ ಮುಖವನ್ನೇ ನೋಡುತ್ತಿದ್ದ, ಗೇಟಿನೊಳಗೆ ಬಂದ ಗಾಡಿಯನ್ನು ನೋಡುವ ಹಾಗೆ, ಒಳಗೆ ಏನಿದೆ ಎಂದು.

"ಖಾಲಿ ಅಂದ್ರ ಖಾಲಿ ಯವ್ವಾ. ಏನೂ ಇರ್ಲಿಲ್ಲ ಒಳಗ."

"ಬಂದಾಗನ?"

"ಬಂದಾಗನ. ಡಿಚೋಲಿ ಗಣಿ ಗೇಟಿನ್ಯಾಗ ಹನ್ನೆರಡು ವರ್ಷ ನಿಂತೀನಿ ನಾ. ಅಲ್ಲಿ ಎರಡ ಮಾತು, ಹೋಗೂ ಗಾಡಿ ಭರ್ತಿ, ಬರೂ ಗಾಡಿ ಖಾಲಿ. ಅಲ್ಲೇ ಅಕ್ಷರ ಕಲ್ತದ್ದು. ಟೋಕನ್ ಕೊಡೂ ಮುದುಕ ಒಬ್ಬ ನಮ್ಮ ಕಡಿಯಾವ ಇದ್ದ, ಗಾಡಿ ಹಿಂದಿನ ಹಲಿಗಿ ಮ್ಯಾಲೆ ಅದಿರಿನ ಧೂಳ ಕುಂತಿರತಿತ್ತಲ್ಲ, ಅದರಾಗ ಬೆಟ್ಟಿಲೆ ಬರದು ತೋರಸ್ತಿದ್ದ. ನಾ ತಿದ್ದೂದ್ರಾಗ ಗಾಡಿ ಹೋಗಿಬಿಡತಿತ್ತು. ಮುಂದಿನ ಗಾಡಿಗೆ ಮುಂದಿನ ಅಕ್ಷರ." ಅವನು ಮೊದಲ ಸಲ ಸ್ವಲ್ಪ ನಕ್ಕ. "ಭರ್ತಿಯೊಳಗಿನ ಭ ಬರಾಕ ಒಂದ್ ತಿಂಗಳ ಹಿಡೀತು."

"ಮತ್ತ ಯಾರಿಗೂ ಹೇಳ್ಲಿಲ್ಲೇನು, ಖಾಲಿ ಬರಾಕತ್ತಾವು ಅಂತ?"

"ಇಂಜಿನಿಯರಗ ಹೇಳ್ದೆ. ಮಾಲಿನ ಚೀಟಿಯೊಳಗ ಭರ್ತಿ ಐತಿ, ಗಾಡಿ ಖಾಲಿ ಐತ್ರಿ ಸಾಹೇಬ್ರ ಅಂದೆ. ಅವ ಚೀಟಿ ಮ್ಯಾಲೆ ಸಹಿ ಹೊಡದು, ನೀನು ನಿನ್ನ ಜಿಲೇಬಿಯೊಳಗ ಏನರ ಬರಕೋ, ಯಾರ್ ಓದ್ತಾರ ಅಂದ." ಕಂಠೆಪ್ಪ ನೋಟ್‌ಬುಕ್ಕನ್ನು ಮಡಿಸಿ ಅಂಗಿಯೊಳಗೆ ಇಟ್ಟುಕೊಂಡ. "ನಿಮ್ಮ ಆಫೀಸಿನ್ಯಾಗ ಓದ್ಯಾರಂತಲ್ಲ. ಓದಿದವ್ರು ನಾ ಕದ್ದೀನಿ ಅಂತ ಹೆಂಗ ಅಂದ್ರು?"

ನಮ್ಮ ಆಫೀಸಿನಲ್ಲಿ ತಪ್ಪು ಓದಿದ್ದಾರೆ ಕಾಕಾ ಎಂದಳು. ಓದಿದ್ದಾರೆ. ಬಹುವಚನದ ಹಿಂದೆ ಎಷ್ಟು ಜನ ಬೇಕಾದರೂ ಅಡಗಬಹುದು.

ಉಳಿದ ಐದು ದಿಮ್ಮಿಗಳನ್ನು ಅವಳು ಬಿಡಲಿಲ್ಲ. ಐದೂ ಬಿಳಿ. ಒಂದೊಂದರ ಫೋಟೊ ತೆಗೆದು, ಹಿಡಿಗಂಬಿ ಇಲ್ಲದ ಮೆಟ್ಟಿಲು ಹತ್ತಿ ಮೊದಲ ಮಹಡಿಯ ಅಂಚಿನಲ್ಲಿ ನಿಂತು ಜಯಶ್ರೀ ಮೇಡಂಗೆ ಫೋನು ಮಾಡಿದಳು. ದೂರದಲ್ಲಿ ಅದಿರಿನ ಲಾರಿಗಳ ಸಾಲು ತೆವಳುತ್ತಿತ್ತು. ಟಾರ್ಪಾಲು ಬಿಗಿದವು ಒಂದು ಕಡೆಗೆ, ಸಡಿಲವಾದವು ಇನ್ನೊಂದು ಕಡೆಗೆ. ಭರ್ತಿ, ಖಾಲಿ. ಇಷ್ಟು ಸುಲಭವಾಗಿತ್ತೇ. ಕಬ್ಬಿಣ ಕಳುವಾಗಿಲ್ಲ ಮೇಡಂ, ಬಂದೇ ಇಲ್ಲ, ಎಂದು ಒಂದೇ ಉಸಿರಿಗೆ ಹೇಳಿದಳು. ದಿಮ್ಮಿ, ಹದಿನೈದು ನಿಮಿಷ, ಖಾಲಿ ಎಂಬ ಶಬ್ದ, ಎಲ್ಲವನ್ನೂ. ನನ್ನ ಅನುವಾದ ತಪ್ಪು ಎಂದೂ ಹೇಳಿದಳು. ಹೇಳುವಾಗ ಮನಸ್ಸು ಹಗುರವಾಗಿತ್ತು.

"ಪಳೆ ಮೀನಾಕ್ಷಿ, ಇಲ್ಲಿ ನೋಡು," ಎಂದರು ಮೇಡಂ. ಬೈಯಲಿಲ್ಲ, ಅವರು ಎಂದೂ ಬೈಯುವವರಲ್ಲ, ಅದೇ ಕಷ್ಟ. ಅನುವಾದದ ಕೆಳಗೆ ಇರುವುದು ನಿನ್ನ ಹೆಸರು ಎಂದರು. ಆ ತಿಂಗಳುಗಳಲ್ಲಿ ಸೈಟು ನೋಡಿ ಕಬ್ಬಿಣ ಇದೆ ಎಂದು ಸಹಿ ಮಾಡಿದ್ದು ನಮ್ಮದೇ ಆಫೀಸು ಎಂದೂ, ಸ್ವಲ್ಪ ನಿಧಾನವಾಗಿ, ಹೇಳಿದರು. ಹೋದಾಗಲೆಲ್ಲ ಮಳೆ ಜೋರಿತ್ತಂತೆ, ಕಾರಿನಿಂದ ಇಳಿಯಲು ಆಗಿರಲಿಲ್ಲವಂತೆ. ಆದರೆ ಆ ಬಡವ ಜೈಲಿಗೆ ಹೋಗುವುದು ತನಗೂ ಬೇಡ. ಒಂದು ದಾರಿ ಇದೆ. ತನಗೆ ಓದು ಬರಹ ಬಾರದು, ಪುಸ್ತಕದಲ್ಲಿ ಯಾರು ಏನು ಬರೆದರೋ ತಿಳಿಯದು ಎಂದು ಅವನು ಹೆಬ್ಬೆಟ್ಟು ಒತ್ತಿಕೊಟ್ಟರೆ ಪುಸ್ತಕ ಸಾಕ್ಷಿಯೇ ಅಲ್ಲ. ದೂರು ಅಪರಿಚಿತರ ಮೇಲೆ ಹೋಗುತ್ತದೆ. ಅವನು ಉಳಿದ, ನೀನು ಉಳಿದೆ. "ಹೇಗೂ ಆ ಜನ ಹೆಬ್ಬೆಟ್ಟಿನವರೇ ಅಲ್ಲವೇ, ಯಾರೂ ಅನುಮಾನಪಡುವುದಿಲ್ಲ. ನೀನು ಅವರ ಭಾಷೆಯಲ್ಲೇ ಹೇಳು, ಒಪ್ಪುತ್ತಾನೆ. ಪಕ್ಕದ ಮನೆಯವರಿಂದ ಕಲಿತದ್ದು ಉಪಯೋಗಕ್ಕೆ ಬರಲಿ." ಆ ಕೊನೆಯ ಮಾತಿನಲ್ಲಿ ನಗು ಇತ್ತೋ, ಎಲ್ಲ ಗೊತ್ತು ಎಂಬುದು ಇತ್ತೋ, ಅವಳಿಗೆ ತಿಳಿಯಲಿಲ್ಲ.

ಕಾಗದ ವಾಟ್ಸಾಪಿನಲ್ಲಿ ಬಂತು. ಸ್ಕೂಟರು ಹತ್ತಿ ಕುಡಚಡೆ ಸ್ಟೇಷನ್ನಿನ ಹತ್ತಿರ, ಕ್ರಿಸ್ಮಸ್ಸಿನ ಕಾಗದದ ನಕ್ಷತ್ರಗಳನ್ನು ತೂಗುಹಾಕಿದ್ದ ಅಂಗಡಿಯಲ್ಲಿ ಅದನ್ನು ಪ್ರಿಂಟು ತೆಗೆಸಿದಳು, ಒಂದು ಇಂಕ್ ಪ್ಯಾಡೂ ಕೊಂಡಳು. ಅವಸರವಿತ್ತು, ನಿರ್ಧಾರವಿತ್ತು, ಬೆಳಿಗ್ಗೆ ದಿಮ್ಮಿ ಕೆರೆಯುವಾಗ ಇದ್ದ ಅದೇ ಬಿಗಿ. ಅವನನ್ನು ಉಳಿಸಬೇಕು. ಉಳಿಸುವುದು ಮುಖ್ಯ. ಅಂಗಡಿಯವನು ಪ್ಯಾಡು ಸರಿಯಾಗಿದೆಯೇ ನೋಡಿ ಎಂದಾಗ ಬಲ ಹೆಬ್ಬೆರಳನ್ನು ಮೆಲ್ಲಗೆ ಒತ್ತಿ ನೋಡಿದಳು. ಹೆಬ್ಬೆಟ್ಟು ಒತ್ತಿಸುವುದರಲ್ಲಿ ಅವಳ ಕೈ ಪಳಗಿದೆ. ಬ್ಯಾಂಕಿನಲ್ಲಿ ಅವ್ವನ ಮಣಿಕಟ್ಟು ಹಿಡಿದು, ಬೆರಳನ್ನು ಎಡದಿಂದ ಬಲಕ್ಕೆ ಉರುಳಿಸಿ ಎತ್ತುವುದನ್ನು ಹತ್ತನೆಯ ವಯಸ್ಸಿಗೇ ಕಲಿತಿದ್ದಳು. ಒತ್ತಿದ ಮೇಲೆ ಅವ್ವ ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಿದ್ದಳು. ಹಾಗೆ ಮಾಡಬೇಡ, ಎಲ್ಲರೂ ನೋಡುತ್ತಾರೆ ಎಂದು ಅವಳು ಕೊಂಕಣಿಯಲ್ಲಿ ಹಲ್ಲು ಕಡಿದರೆ, ಅವ್ವ ನಗುತ್ತ, ಕರಿಯೊಳಗ ಕರಿ ಯಾರಿಗ್ ಕಾಣತೈತಿ ಬಿಡು ಅನ್ನುತ್ತಿದ್ದಳು. ಸ್ಕೂಟರಿನ ಹಿಡಿಯ ಮೇಲೆ ಹೆಬ್ಬೆರಳು ನೀಲಿಯಾಗಿ ಕಾಣುತ್ತಿತ್ತು. ಒರೆಸಿಕೊಳ್ಳಲು ಅವಳಿಗೆ ಎಲ್ಲೂ ಜಾಗ ಕಾಣಲಿಲ್ಲ.

ಅವರು ಊಟಕ್ಕೆ ಕೂತಿದ್ದರು. ಹುಲಿಗೆಮ್ಮ, ಬಾ ಯವ್ವ, ಎರಡು ತುತ್ತು ಉಣ್ಣು ಎಂದು ಇನ್ನೊಂದು ತಾಟು ತೊಳೆದಳು. ಮೀನಾಕ್ಷಿಯೂ ಕೂತಳು. ತಾಟಿನಲ್ಲಿ ಬದನೆಕಾಯಿ ಪಲ್ಯವಿತ್ತು. ಅದನ್ನು ಬಡಿಸುತ್ತ ಹುಲಿಗೆಮ್ಮ ನಕ್ಕಳು. ಕೈ ತೊಳೆದ ಮೇಲೆ ಮೀನಾಕ್ಷಿ ಕಾಗದವನ್ನು ಹಾಸಿಗೆಯ ಸುರುಳಿಯ ಮೇಲೆ ಹರಡಿ, ಇದನ್ನು ಕೊಟ್ಟರೆ ಸೋಮವಾರ ಪೊಲೀಸರು ನಿಮ್ಮ ಹೆಸರು ಕೇಳಿಕೊಂಡು ಬರುವುದಿಲ್ಲ ಎಂದಳು.

"ಏನ್ ಬರದೈತಿ ಅದರಾಗ?"

ಅವಳು ಓದಿದಳು, ಇಂಗ್ಲಿಷಿನಿಂದ ಕನ್ನಡಕ್ಕೆ, ಈ ಸಲ ಒಂದೊಂದೇ ಮಾತನ್ನು ತಡೆದು ತಡೆದು. "ನಾನು, ಕಂಠೆಪ್ಪ... ನನಗ ಓದಾಕ ಬರಿಯಾಕ ಬರೂದಿಲ್ಲ... ಗೇಟಿನ ಪುಸ್ತಕದಾಗ ಯಾರ್ ಏನ್ ಬರದಾರ ನನಗ ಗೊತ್ತಿಲ್ಲ..."

"ಇನ್ನೊಮ್ಮೆ ಓದು."

ಇನ್ನೊಮ್ಮೆ ಓದಿದಳು.

"ಒತ್ತಿಬಿಡ್ರಲ," ಎಂದಳು ಹುಲಿಗೆಮ್ಮ. "ಬೆಟ್ಟು ಏನ್ ಸವೀತೈತೇನು? ತೊಳಕೊಂಡ್ರ ಹೋಗತೈತಿ. ಈ ವಯಸ್ಸಿನ್ಯಾಗ ಪೊಲೀಸ್ರ ಕೈಲೆ ಏಟು ತಿಂದ್ರ ಆ ಕಾಲು ಉಳೀತೈತಿ?"

ಕಂಠೆಪ್ಪ ಟವೆಲಿನಿಂದ ಎರಡೂ ಕೈ ಒರೆಸಿಕೊಂಡು, ಗೂಟಕ್ಕೆ ಸಿಕ್ಕಿಸಿದ್ದ ಅಂಗಿಯಿಂದ ಕನ್ನಡಕ ತೆಗೆದು ಹಾಕಿಕೊಂಡ. ತನಗೆ ಓದಲಾಗದ ಆ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಗೆರೆಗೆ ಗೆರೆ ನೋಡಿದ. ತಗಡಿನ ಮೇಲೆ ಕಾಗೆಯೊಂದು ಟಕಟಕ ನಡೆಯಿತು. ಮೀನಾಕ್ಷಿ ಪ್ಯಾಡಿನ ಮುಚ್ಚಳ ತೆರೆದು ಹಿಡಿದುಕೊಂಡಿದ್ದಳು. ಅವನು ಅದನ್ನಲ್ಲ, ಅವಳ ನೀಲಿ ಹೆಬ್ಬೆರಳನ್ನು ನೋಡಿದ.

"ಖಾಲಿ ಅಂತ ನಾ ಬರದದ್ದು ಖರೇ ಐತಿ?"

"ಐತಿ ಕಾಕಾ."

"ಓದಿದವ್ರು ತಪ್ಪ ಓದ್ಯಾರ?"

"ಹೌದು."

"ಯಾರ್ ಅವ್ರು?"

ಹೇಳದಿದ್ದರೂ ನಡೆಯುತ್ತಿತ್ತು. ಆಫೀಸು ದೊಡ್ಡದು, ಹೆಸರುಗಳು ಬಹಳ.

"ನಾನ," ಎಂದಳು.

ಹುಲಿಗೆಮ್ಮ ಗಂಡನ ಮುಖ ನೋಡಿದಳು. ಅವನು ಕನ್ನಡಕ ತೆಗೆದು ಮಡಿಸಿದ. ಕಾಗದವನ್ನೂ ಅದರ ಮಡಿಕೆಯಲ್ಲೇ ಮಡಿಸಿ ಅವಳ ಕಡೆಗೆ ಸರಿಸಿದ. ಸಿಟ್ಟು ಇರಲಿಲ್ಲ. ಬೆಳಿಗ್ಗೆ ಚಹಾ ತಂದುಕೊಟ್ಟಾಗ ಇದ್ದ ದೂರ ಇತ್ತು.

"ತಪ್ಪ ಓದಿದವರು ನೀವು. ಓದಾಕ ಬರೂದಿಲ್ಲ ಅಂತ ನಾ ಒತ್ತಬೇಕು?"

"ಸೋಮವಾರ ಬರ್ತಾರ ಕಾಕಾ."

"ಬರ್ಲಿ. ಯಾವಾಗ ಬಂದ್ರು, ಯಾವಾಗ ಹೋದ್ರು ಬರಕೋತೀನಿ." ಅವನು ಪ್ಯಾಡಿನ ಮುಚ್ಚಳವನ್ನು ತಾನೇ ಮುಚ್ಚಿದ. "ಒತ್ತಂಗಿಲ್ರಿ ಮೇಡಂ."